ಅಜಂತೆಯ ದರ್ಶನ

ಇಂದ್ರಿಯಗಳನ್ನು ಒಳಕ್ಕೆ ಸೆಳೆದುಕೊಂಡಲ್ಲದೆ ಚಿತ್ತವು ನಿಲ್ಲದೆಂಬುದನ್ನು ನಾವು ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಕಲಿತೆವು. ಮುಂದೆ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಶಾಲೆಯ ಮಕ್ಕಳಿಗೆ ಅದನ್ನೇ ಕಲಿಸಿದೆವು. ಆಮೆಯು ತನ್ನ ಅಂಗಗಳನ್ನು ಚಿಪ್ಪಿನೊಳಗೆ ಎಳೆದುಕೊಳ್ಳುವ ದೃಷ್ಟಾಂತವನ್ನು ಹೇಳುವಾಗ ನಮಗೆ ಎಂದೂ ಸಂಶಯವುಂಟಾದದ್ದಿಲ್ಲ. ಸಂಶಯವನ್ನೆತ್ತುವವನು ನಮ್ಮ ಮನೆಯಲ್ಲಿಯೇ ಇದ್ದನು. ನಮಗಿಂತ ಆರು ವರ್ಷ ಕಿರಿಯನಾದ ನಮ್ಮ ತಮ್ಮನು ಚಿತ್ರಕಲೆಯ ಉಪಾಧ್ಯಾಯನಾಗಿದ್ದನು. “ಅಣ್ಣಾ, ಕಣ್ಣು ಮುಚ್ಚಿದವರಿಗೇ ದೇವರು ಕಾಣುವುದಾದರೆ ಇಷ್ಟೊಂದು ಗುಡಿಗಳೇಕೆ? ಒಮ್ಮೆ ನನ್ನೊಡನೆ ಅಜಂತೆಗೆ ಬಾ. ಆಸೆಯನ್ನು ಬಿಡಿರೆಂದವನ ಮನೆಯಲ್ಲಿ ಕಣ್ಣಿಗೆ ಎಂತಹ ಔತಣವಿಟ್ಟಿದ್ದಾರೆ, ನೋಡುವೆಯಂತೆ” ಎಂದು ಅವನು ಪ್ರತಿವರ್ಷವೂ ಕರೆಯುತ್ತಿದ್ದನು. ತೀರ್ಥಯಾತ್ರೆಗಾದರೆ ಬರುವೆವು, ಚಿತ್ರ ನೋಡುವುದಕ್ಕಾಗಿ ಹಣ ಖರ್ಚು ಮಾಡುವವರು ನಾವಲ್ಲ ಎಂದು ನಾವು ಪ್ರತಿವರ್ಷವೂ ಉತ್ತರ ಕೊಡುತ್ತಿದ್ದೆವು. ಹೀಗೆಯೇ ಕಾಲ ಕಳೆಯಿತು. ಎರಡು ವರ್ಷಗಳ ಹಿಂದೆ ಅವನು ತೀರಿಕೊಂಡನು.

ಅವನ ಬಣ್ಣದ ಪೆಟ್ಟಿಗೆಯನ್ನು ಅವನ ಮಗಳು ಇಟ್ಟುಕೊಂಡಿರುವಳು. ಅವಳೂ ಚಿತ್ರಕಲೆಯನ್ನೇ ಓದುತ್ತಿರುವಳು. ಕಳೆದ ಶ್ರಾವಣದಲ್ಲಿ ಆ ಪೆಟ್ಟಿಗೆಯ ತಳದಲ್ಲಿ ಸಿಕ್ಕಿತೆಂದು ಒಂದು ಚೀಟಿಯನ್ನು ತಂದು ನಮ್ಮ ಕೈಯಲ್ಲಿಟ್ಟಳು. ಮೇಲ್ಗಡೆ “ಅಜಂತೆಯಲ್ಲಿ ಅಣ್ಣನಿಗೆ ತೋರಿಸತಕ್ಕವು” ಎಂದು ಬರೆದು, ಕೆಳಗೆ ಐದು ಗುಹೆಗಳ ಸಂಖ್ಯೆಗಳನ್ನು ಹಾಕಿದ್ದನು: ಹತ್ತು, ಹದಿನಾರು, ಹದಿನೇಳು, ಇಪ್ಪತ್ತಾರು, ಕೊನೆಯಲ್ಲಿ ಒಂದು. ಒಂದೊಂದು ಸಂಖ್ಯೆಯ ಮುಂದೆಯೂ ಒಂದೆರಡು ಮಾತುಗಳಿದ್ದವು. ನಾವು ಅದನ್ನು ಓದಿ ಮಡಿಸಿ ಜೇಬಿನಲ್ಲಿಟ್ಟುಕೊಂಡು, “ಮಳೆ ನಿಂತಮೇಲೆ ಹೊರಡೋಣ, ಮಗೂ” ಎಂದೆವು.

ವಿಜಯಪುರದಿಂದ ಸೊಲ್ಲಾಪುರ, ಬೀಡ ಮಾರ್ಗವಾಗಿ ಛತ್ರಪತಿ ಸಂಭಾಜಿನಗರಕ್ಕೆ (ನಮ್ಮ ವಯಸ್ಸಿನವರಿಗೆ ಔರಂಗಾಬಾದೆಂದರೇ ಬೇಗ ತಿಳಿಯುವುದು) ಬಂದು ತಂಗಿ, ಮರುದಿನ ಬೆಳಗಿನ ಬಸ್ಸನ್ನು ಹಿಡಿದೆವು. ಅಲ್ಲಿಂದ ಸುಮಾರು ನೂರು ಕಿಲೋಮೀಟರು; ರೈಲಿನಲ್ಲಿ ಬರುವವರಿಗೆ ಜಳಗಾಂವ ಹತ್ತಿರ, ಅಲ್ಲಿಂದ ಅರುವತ್ತು ಕಿಲೋಮೀಟರು. ಸೋಮವಾರ ಗುಹೆಗಳನ್ನು ತೆರೆಯುವುದಿಲ್ಲ. ಹೊರಡುವವರು ಇದನ್ನು ಮರೆಯಬಾರದು. ಫರ್ದಾಪುರದ ಬಳಿ ಇತರ ವಾಹನಗಳನ್ನೆಲ್ಲ ನಿಲ್ಲಿಸುವರು. ಕೊನೆಯ ನಾಲ್ಕು ಕಿಲೋಮೀಟರನ್ನು ಅಲ್ಲಿಯದೇ ಬಸ್ಸಿನಲ್ಲಿ ಕ್ರಮಿಸಬೇಕು.

ವಾಘೋರಾ ಎಂಬ ಚಿಕ್ಕ ಹೊಳೆಯು ಬೆಟ್ಟವನ್ನು ಕೊರೆದು ಕುದುರೆಯ ಲಾಳದಂತೆ ಬಾಗಿ ಹರಿಯುತ್ತದೆ. ಆ ಬಾಗಿನ ಉದ್ದಕ್ಕೂ, ಕಡಿದಾದ ಬಂಡೆಯ ನಡುವಿನಲ್ಲಿ, ಸುಮಾರು ಮೂವತ್ತು ಗುಹೆಗಳು ಸಾಲಾಗಿವೆ. ಇವುಗಳಲ್ಲಿ ಕೆಲವು ಕ್ರಿಸ್ತಪೂರ್ವದವು. ಉಳಿದ ಹೆಚ್ಚಿನವು ವಾಕಾಟಕ ದೊರೆಯಾದ ಹರಿಷೇಣನ ಕಾಲದವು, ಎಂದರೆ ಕ್ರಿಸ್ತಶಕ ಐದನೆಯ ಶತಮಾನದ ಉತ್ತರಾರ್ಧದವು. ಸಂಖ್ಯೆಗಳನ್ನು ಕಾಲಕ್ರಮದಿಂದ ಹಾಕಿದ್ದಲ್ಲ, ಬಾಗಿಲಿನಿಂದ ಎಣಿಸಿಕೊಂಡು ಹೋದದ್ದು. ಆದುದರಿಂದ ಒಂದನೆಯ ಗುಹೆಯೇ ಎಲ್ಲರಿಗೂ ಮೊದಲು ಸಿಕ್ಕುವುದು. ಎಲ್ಲರೂ ಅಲ್ಲಿಯೇ ಮುತ್ತುವರು. ನಾವಿಬ್ಬರು ಅದರತ್ತ ತಿರುಗಿಯೂ ನೋಡದೆ ನಡೆದುದನ್ನು ಕಂಡು ಕಾವಲಿನವನು, “ಅಜ್ಜಾ, ಚಿತ್ರ ಇಲ್ಲಿವೆ” ಎಂದು ಮರಾಠಿಯಲ್ಲಿ ಕೂಗಿದನು. ಬರುತ್ತ ನೋಡುವೆವೆಂದು ಕೈಸನ್ನೆ ಮಾಡಿ ಮುಂದೆ ಹೋದೆವು.

ಹತ್ತನೆಯದರ ಮುಂದೆ ಚೀಟಿಯಲ್ಲಿದ್ದುದು ಇಷ್ಟೇ: “ಅವಸರ ಬೇಡ. ಕಣ್ಣು ಬರುವವರೆಗೆ ನಿಲ್ಲು.”

ಬಿಸಿಲಿನಿಂದ ಒಳಹೊಕ್ಕಾಗ ನಮಗೆ ಏನೇನೂ ಕಾಣಿಸಲಿಲ್ಲ. ಬರಿಗಾಲಿಗೆ ತಣ್ಣನೆಯ ಕಲ್ಲು. ಮೂಗಿಗೆ ಹಳೆಯ ಮಣ್ಣಿನ ಮತ್ತು ಬಾವಲಿಗಳ ವಾಸನೆ. ಕಿವಿಗೆ ನಮ್ಮ ಉಸಿರೇ ದೊಡ್ಡದಾಗಿ ಕೇಳುತ್ತಿತ್ತು. ನಮ್ಮ ಜೊತೆಗೆ ಬಂದವರು ಒಂದು ನಿಮಿಷ ನಿಂತು, ಇಲ್ಲೇನೂ ಇಲ್ಲವೆಂದು ಹೊರಟುಹೋದರು. ನಾವು ನಿಂತೆವು. ಮೊದಲು ದೂರದಲ್ಲಿ ಬೆಳ್ಳಗೆ ಒಂದು ಗುಂಡು ಆಕಾರ ತೋರಿತು, ಅದು ಸ್ತೂಪ. ಬಳಿಕ ಅದರತ್ತ ಎರಡು ಸಾಲಾಗಿ ಸಾಗಿ, ಹಿಂದೆ ಸುತ್ತಿ ಕೂಡಿಕೊಳ್ಳುವ ಕಂಬಗಳು. ಬಳಿಕ ದೋಣಿಯನ್ನು ಮಗುಚಿದಂತೆ ಕಮಾನಾದ ಮೇಲ್ಛಾವಣಿ, ಅದರಲ್ಲಿ ಹಿಂದೆ ಮರದ ತೊಲೆಗಳನ್ನು ಕೂಡಿಸಿದ್ದ ಗುರುತುಗಳು. ಎಲ್ಲಕ್ಕೂ ಕೊನೆಗೆ ಎಡಗೋಡೆಯ ಮೇಲೆ ಮಸುಕಾದ ಮುಖಗಳು: ಒಬ್ಬ ಅರಸನು ಪರಿವಾರ ಸಮೇತನಾಗಿ ಬೋಧಿವೃಕ್ಷವನ್ನು ಪೂಜಿಸಲು ಬಂದಿರುವನು. ನಮ್ಮ ದೇಶದಲ್ಲಿ ಉಳಿದಿರುವ ಅತ್ಯಂತ ಪ್ರಾಚೀನ ಭಿತ್ತಿಚಿತ್ರಗಳಲ್ಲಿ ಇವೂ ಸೇರಿವೆ. ಈ ಪ್ರಾಚೀನ ಚಿತ್ರದಲ್ಲಿ ಬುದ್ಧನು ಎಲ್ಲಿಯೂ ಇಲ್ಲ. ಮರವಿದೆ, ಜನರ ಮುಗಿದ ಕೈಗಳಿವೆ. ಯಾರಿಗಾಗಿ ಕೈ ಮುಗಿದಿದೆಯೋ ಅವನನ್ನು ನೋಡುವವನೇ ತನ್ನೊಳಗಿನಿಂದ ತಂದು ಅಲ್ಲಿ ಕೂಡಿಸಬೇಕು. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿ, ಕನಗನಹಳ್ಳಿಯ ಸ್ತೂಪದ ಶಿಲಾಫಲಕಗಳಲ್ಲಿಯೂ ಇಂತಹ ಬರಿದಾದ ಪೀಠಗಳೂ ವೃಕ್ಷಗಳೂ ಇವೆ. ಅವುಗಳನ್ನು ಕಂಡಾಗ ಶಿಲ್ಪಿಗೆ ಮೂರ್ತಿಯನ್ನು ಕಡೆಯಲು ಬರುತ್ತಿರಲಿಲ್ಲವೇನೋ ಎಂದು ನಾವು ಭಾವಿಸಿದ್ದೆವು. ಅರಸನ ಒಂದೊಂದು ಆಭರಣವನ್ನೂ ಬಲ್ಲವನಿಗೆ ಅದೊಂದು ಬಾರದೆಹೋಯಿತೆಂದು ಎಣಿಸಿದ ನಮ್ಮ ಬುದ್ಧಿಗೆ ಏನೆನ್ನೋಣ!

ಈ ಗುಹೆಯ ಒಂದು ಕಂಬದ ಮೇಲೆ, ಎತ್ತರದಲ್ಲಿ, 1819ನೆಯ ಇಸವಿಯ ಏಪ್ರಿಲ್ 28ರಂದು ಬೇಟೆಗಾಗಿ ಬಂದ ಜಾನ್ ಸ್ಮಿತ್ ಎಂಬ ಆಂಗ್ಲ ಸೈನ್ಯಾಧಿಕಾರಿಯು ತನ್ನ ಹೆಸರನ್ನು ಗೀಚಿರುವನು. ಆಗ ಗುಹೆಯೊಳಗೆ ಮಣ್ಣು ಕಲ್ಲು ತುಂಬಿ ನೆಲವು ಮೇಲೆದ್ದಿದ್ದುದರಿಂದ ಅವನ ಕೈಗೆ ಆ ಎತ್ತರ ಎಟುಕಿತು. ಮರೆತುಹೋಗಿದ್ದ ಅಜಂತೆಯು ಹೊರಜಗತ್ತಿಗೆ ತಿಳಿದದ್ದು ಇವನಿಂದಲೆಂಬುದು ನಿಜ; ಆದರೂ ಚಿತ್ರದ ಮೇಲೆ ಗೀಚಿದ ಆ ಅಕ್ಷರಗಳನ್ನು ಕಂಡಾಗ, ಶಾಲೆಯ ಬೆಂಚಿನ ಮೇಲೆ ಹೆಸರು ಕೊರೆದ ಹುಡುಗರನ್ನು ನಿಲ್ಲಿಸಿ ಗದರಿಸುತ್ತಿದ್ದ ನಮ್ಮ ಕೈ ಸುಮ್ಮನಿರಲಿಲ್ಲ.

ಹದಿನಾರನೆಯ ಗುಹೆಗೆ ಹೊಳೆಯ ಕಡೆಯಿಂದ ಹತ್ತಿಬರುವ ಮೆಟ್ಟಲುಗಳ ಬಾಗಿಲಲ್ಲಿ ಎರಡು ಕಲ್ಲಾನೆಗಳಿವೆ. ಏಳನೆಯ ಶತಮಾನದಲ್ಲಿ ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡುಹೋದ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗನು ಬೆಟ್ಟದೊಳಗಿನ ಒಂದು ವಿಹಾರವನ್ನೂ ಅದರ ಬಾಗಿಲ ಕಲ್ಲಾನೆಗಳನ್ನೂ ವರ್ಣಿಸಿರುವನು. ಅದು ಅಜಂತೆಯೇ ಎಂದು ವಿದ್ವಾಂಸರು ತಿಳಿಯುತ್ತಾರೆ. ಈ ಗುಹೆಯನ್ನು ಮಾಡಿಸಿದವನು ಹರಿಷೇಣನ ಮಂತ್ರಿಯಾದ ವರಾಹದೇವನು. ಅವನ ಶಾಸನದಲ್ಲಿ ಹರಿಷೇಣನ ಪ್ರತಾಪಕ್ಕೆ ಸಿಕ್ಕಿದ ದೇಶಗಳ ಪಟ್ಟಿಯೊಂದಿದೆ. ಅದರಲ್ಲಿ ನಮ್ಮ ಕುಂತಲವೂ ಸೇರಿದೆ. ಸೋತವರ ಪಟ್ಟಿಯಲ್ಲಿಯಾದರೂ ಊರಿನ ಹೆಸರನ್ನು ಕಂಡರೆ ಪರಸ್ಥಳದಲ್ಲಿ ಒಂದು ಬಗೆಯ ಸಂತೋಷವೇ ಆಗುತ್ತದೆ.

ಇಲ್ಲಿ ಚೀಟಿಯಲ್ಲಿದ್ದುದು ಒಂದೇ ಶಬ್ದ: “ನಂದ.”

ನಂದನು ಬುದ್ಧನ ತಮ್ಮ, ಮಲತಾಯಿಯ ಮಗ. ಅವನ ಕಥೆಯನ್ನು ಅಶ್ವಘೋಷನ ಸೌಂದರನಂದದಲ್ಲಿ ನಾವು ಎಷ್ಟೋ ಸಲ ಓದಿದ್ದೇವೆ. ಹೊಸ ಹೆಂಡತಿಯಾದ ಸುಂದರಿಯು ಮುಖಕ್ಕೆ ಪತ್ರಲೇಖೆಯನ್ನು ಬರೆದುಕೊಳ್ಳುವಾಗ ನಂದನು ಕನ್ನಡಿಯನ್ನು ಹಿಡಿದು ಕುಳಿತಿದ್ದನು. ಅಣ್ಣನು ಭಿಕ್ಷೆಗೆ ಬಂದು, ಯಾರೂ ಗಮನಿಸದೆ ಹಿಂದಿರುಗಿದನು. ನಂದನು ಕ್ಷಮೆ ಕೇಳಲೆಂದು ಹೊರಟಾಗ, ಈ ಹಸಿ ಬಣ್ಣ ಒಣಗುವುದರೊಳಗೆ ಬರಬೇಕೆಂದು ಅವಳು ಹೇಳಿ ಕಳುಹಿಸಿದಳು. ಅಣ್ಣನು ಭಿಕ್ಷಾಪಾತ್ರೆಯನ್ನು ತಮ್ಮನ ಕೈಯಲ್ಲಿಟ್ಟು ಮುಂದೆ ಮುಂದೆ ನಡೆದನು. ವಿಹಾರವನ್ನು ಮುಟ್ಟಿದ ಮೇಲೆ ತಮ್ಮನ ತಲೆಯನ್ನು ಬೋಳಿಸಿದರು. ಗೋಡೆಯ ಮೇಲೆ ಕಾಣುವುದು ಇದರ ಮುಂದಿನ ಸಂಗತಿ. ದೂತನು ನಂದನ ಕಿರೀಟವನ್ನು ಹಿಡಿದು ಬಂದಿರುವನು. ಸುಂದರಿಯ ತಲೆ ವಾಲಿದೆ, ಕಣ್ಣು ಅರೆಮುಚ್ಚಿದೆ, ಹಿಂದಿನಿಂದ ಒಬ್ಬಳು ಅವಳನ್ನು ಆತುಕೊಂಡಿರುವಳು. ಹತ್ತೊಂಬತ್ತನೆಯ ಶತಮಾನದ ಆಂಗ್ಲರು ಕಥೆಯನ್ನರಿಯದೆ ಇದಕ್ಕೆ ಸಾಯುತ್ತಿರುವ ರಾಜಕುಮಾರಿಯೆಂದು ಹೆಸರಿಟ್ಟರು.

ಇದನ್ನು ಬರೆಸಿದವರು ಯಾರ ಪಕ್ಷ? ಕಥೆಯಲ್ಲಿ ಗೆದ್ದವನು ಅಣ್ಣ. ಆದರೆ ಚಿತ್ರಕಾರನ ಕುಂಚದ ಕರುಣೆಯೆಲ್ಲ ಆ ಹೆಣ್ಣುಮಗಳ ಮೇಲೆ ಸುರಿದಿದೆ. ವೈರಾಗ್ಯವು ಒಳ್ಳೆಯದೆಂದು ಹೇಳುವ ಮೊದಲು, ಅದಕ್ಕೆ ತೆತ್ತ ಬೆಲೆಯೇನೆಂಬುದನ್ನು ಭಿಕ್ಷುಗಳು ವಾಸಿಸುವ ಮನೆಯ ಗೋಡೆಯಲ್ಲಿಯೇ ಬರೆದಿಟ್ಟಿದ್ದಾರೆ. ಅಶ್ವಘೋಷನು ತನ್ನ ಕಾವ್ಯದ ಕೊನೆಯಲ್ಲಿ, ಕಹಿಯಾದ ಔಷಧಕ್ಕೆ ಜೇನನ್ನು ಬೆರೆಸುವಂತೆ ತಾನು ಮೋಕ್ಷದ ಮಾತಿಗೆ ಕಾವ್ಯವನ್ನು ಬೆರೆಸಿದೆನೆಂದು ಒಪ್ಪಿಕೊಳ್ಳುತ್ತಾನೆ. ನಾವು ತರಗತಿಯಲ್ಲಿ ಈ ಮಾತನ್ನು ವಿವರಿಸುವಾಗ, ಜೇನು ಮಂದಬುದ್ಧಿಗಳಿಗಾಗಿ, ಬಲ್ಲವರಿಗೆ ಔಷಧವೇ ಸಾಕು ಎನ್ನುತ್ತಿದ್ದೆವು. ಈ ಗೋಡೆಯ ಮುಂದೆ ನಿಂತಾಗ ಜೇನಾವುದು ಔಷಧವಾವುದು ಎಂದು ಬೇರ್ಪಡಿಸಲು ನಮ್ಮಿಂದಾಗಲಿಲ್ಲ. ತಮ್ಮನು ಈ ಒಂದು ಶಬ್ದವನ್ನು ಬರೆಯುವಾಗ ಸ್ವಲ್ಪ ನಕ್ಕಿರಬೇಕು.

ಹದಿನೇಳನೆಯ ಗುಹೆಯ ಚಿತ್ರಗಳನ್ನು ವರ್ಣಿಸಲು ಒಂದು ಸಂಚಿಕೆಯೆಲ್ಲ ಬೇಕು. ಚಿತ್ರಗಳನ್ನು ಬರೆದ ಕ್ರಮವನ್ನು ಹುಡುಗಿಯು ಇಲ್ಲಿ ನಮಗೆ ವಿವರಿಸಿದಳು. ಒರಟಾದ ಬಂಡೆಯ ಮೇಲೆ ಬತ್ತದ ಹೊಟ್ಟು, ನಾರು ಮೊದಲಾದುವನ್ನು ಕಲಸಿದ ಮಣ್ಣಿನ ಗಿಲಾವು. ಅದರ ಮೇಲೆ ತೆಳ್ಳಗೆ ಸುಣ್ಣದ ಲೇಪ. ಅದು ಒಣಗಿದ ಮೇಲೆ ಅಂಟಿನಲ್ಲಿ ಕಲಸಿದ ಬಣ್ಣ. ಕಾವಿ, ಹಳದಿ ಮಣ್ಣು, ಹಸುರು ಕಲ್ಲು, ದೀಪದ ಕಾಡಿಗೆ, ಸುಣ್ಣ, ಇಷ್ಟೇ ಸಾಮಗ್ರಿ. ನೀಲಿಯೊಂದು ಮಾತ್ರ ಆಫಘಾನಿಸ್ತಾನದ ಕಡೆಯಿಂದ ಬಂದ ರಾಜಾವರ್ತ ಶಿಲೆಯದು. 1920ರ ಸುಮಾರಿಗೆ ನಿಜಾಮ ಸರಕಾರವು ಇಟಲಿಯಿಂದ ನಿಪುಣರನ್ನು ಕರೆಸಿ, ಕಳಚುತ್ತಿದ್ದ ಗಿಲಾವನ್ನು ಗಟ್ಟಿಮಾಡಿಸಿತು. ಆಗ ಬಳಿದ ಮೆರುಗೆಣ್ಣೆಯು ವರ್ಷಗಳು ಕಳೆದಂತೆ ಹಳದಿಗಟ್ಟಿ ಬಣ್ಣಗಳನ್ನು ಮುಸುಕಿತು. ಅದನ್ನು ತೆಗೆಯುವ ಕೆಲಸ ಪ್ರಾಕ್ತನ ಇಲಾಖೆಯವರಿಗೆ ಬಂದಿತು.

ಇಲ್ಲಿ ಜಾತಕ ಕಥೆಗಳು ಪುಸ್ತಕದಲ್ಲಿರುವಂತೆ ಮೊದಲಿನಿಂದ ಕೊನೆಗೆ ಸಾಲಾಗಿ ಸಾಗುವುದಿಲ್ಲ. ಅರಮನೆಯಲ್ಲಿ ನಡೆದುದೆಲ್ಲ ಒಂದೆಡೆ, ಅಡವಿಯಲ್ಲಿ ನಡೆದುದೆಲ್ಲ ಇನ್ನೊಂದೆಡೆ. ಒಂದೇ ಅರಮನೆಯಲ್ಲಿ ಮೊದಲಿನ ಸಂಗತಿಯೂ ಕೊನೆಯ ಸಂಗತಿಯೂ ಅಕ್ಕಪಕ್ಕದಲ್ಲಿರಬಹುದು. ಮೊದಲು ನಮಗೆ ಇದು ಅವ್ಯವಸ್ಥೆಯೆಂದು ತೋರಿತು. ಷಡ್ದಂತ ಗಜದ ಕಥೆಯನ್ನು ಹುಡುಕುತ್ತ ಹುಡುಕುತ್ತ ತಿಳಿಯಿತು: ಕಥೆಯನ್ನರಿಯದವನಿಗೆ ಇಲ್ಲಿ ಆನೆಯೂ ಕಮಲವೂ ಮಾತ್ರ ಕಾಣುವುವು. ಅರಿತವನೋ, ತಾನು ಕೇಳಿದ್ದನ್ನು ನೆನೆಯುತ್ತ, ಕಣ್ಣಿನಿಂದ ಅರಸುತ್ತ, ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಹಿಂದೆ ಇಡುತ್ತ, ತನ್ನ ದಂತಗಳನ್ನು ಬೇಟೆಗಾರನಿಗೆ ತಾನೇ ಒಪ್ಪಿಸಿದ ಆ ಗಜರಾಜನನ್ನು ಮುಟ್ಟಬೇಕು. ಕಣ್ಣು, ಕಾಲು, ನೆನಪು ಮೂರೂ ಒಂದೇ ಕೆಲಸದಲ್ಲಿ ತೊಡಗಿದಾಗ ಬೇರೆಲ್ಲಿಗೂ ಹರಿಯಲು ಚಿತ್ತಕ್ಕೆ ಬಿಡುವೆಲ್ಲಿ?

ಗರ್ಭಗುಡಿಯ ಮುಂದಣ ಅಂಕಣದಲ್ಲಿ ಬುದ್ಧನು ಭಿಕ್ಷಾಪಾತ್ರೆಯನ್ನು ಹಿಡಿದು ತನ್ನ ಹೆಂಡತಿಯ ಬಾಗಿಲಲ್ಲಿಯೇ ನಿಂತಿರುವನು. ಅವನ ಮುಂದೆ ಯಶೋಧರೆ ಮತ್ತು ಬಾಲಕನಾದ ರಾಹುಲ. ತಂದೆಯಿಂದ ನಿನ್ನ ಪಾಲನ್ನು ಕೇಳೆಂದು ತಾಯಿಯು ಮಗನನ್ನು ಮುಂದಕ್ಕೆ ಬಿಟ್ಟಿರುವಳು. ಬುದ್ಧನ ಆಕಾರವು ಅವರಿಬ್ಬರಿಗಿಂತ ಎಷ್ಟೋ ಪಾಲು ದೊಡ್ಡದು.

“ದೊಡ್ಡಪ್ಪ, ಇವನನ್ನೊಬ್ಬನನ್ನೇ ಇಷ್ಟು ದೊಡ್ಡದಾಗಿ ಬರೆದಿರುವುದೇಕೆ?” ಎಂದು ಹುಡುಗಿಯು ಕೇಳಿದಳು.

“ಮಹಾಪುರುಷನ ಮಹತ್ತ್ವವನ್ನು ಗಾತ್ರದಿಂದ ಸೂಚಿಸುವುದು ಪ್ರಾಚೀನ ಶಿಲ್ಪಿಗಳ ಸಂಪ್ರದಾಯ” ಎಂದು ನಾವು ಉಪಾಧ್ಯಾಯರಂತೆ ಉತ್ತರ ಕೊಟ್ಟೆವು.

ಅವಳು ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ, “ಅಲ್ಲ ದೊಡ್ಡಪ್ಪ. ಮಗು ಕೆಳಗಿನಿಂದ ನೋಡುತ್ತದಲ್ಲ, ಅದಕ್ಕೆ ಕಂಡಷ್ಟು ಬರೆದಿದ್ದಾರೆ” ಎಂದಳು.

ನಾವು ಅವಳನ್ನು ಅಲ್ಲಿಯೇ ಬಿಟ್ಟು ಹೊರಗೆ ಬಂದೆವು. “ಹೊರಗಿನ ಶಾಸನವನ್ನು ಅಣ್ಣ ಓದಬೇಕು” ಎಂದು ಚೀಟಿಯಲ್ಲಿತ್ತು. ಅದರ ಲಿಪಿ ನಮಗೆ ಬಾರದು, ಭಾಷೆ ಸಂಸ್ಕೃತ. ಅಚ್ಚಾದ ಪಾಠವನ್ನು ನಾಗರಿಯಲ್ಲಿ ಬರೆದುಕೊಂಡು ಹೋಗಿದ್ದೆವು. ಅಲ್ಲಲ್ಲಿ ಅಕ್ಷರಗಳು ನಷ್ಟವಾಗಿವೆ. ಹರಿಷೇಣನ ಕೈಕೆಳಗಿನ ಒಬ್ಬ ಸಾಮಂತರಾಜನು ಈ ವಿಹಾರವನ್ನು ಮಾಡಿಸಿದನು. ಅವನಿಗೆ ರವಿಸಾಂಬನೆಂಬ ತಮ್ಮನಿದ್ದನು. ಇಬ್ಬರೂ ಕೂಡಿ ಬಾಳುತ್ತಿರುವಾಗ ಅನಿತ್ಯತೆಯು ತಮ್ಮನ ಮೇಲೆ ಬಿದ್ದಿತು. ಶೋಕದಲ್ಲಿ ಮುಳುಗಿದ ಅಣ್ಣನು ಸಂಸಾರದ ಅಸ್ಥಿರತೆಯನ್ನು ಚಿಂತಿಸಿ ಪುಣ್ಯಕಾರ್ಯಕ್ಕೆ ತೊಡಗಿದನು. ಇಷ್ಟನ್ನು ಓದುವಾಗ ನಮ್ಮ ಕನ್ನಡಕವನ್ನು ಎರಡು ಸಲ ಒರಸಿಕೊಳ್ಳಬೇಕಾಯಿತು. ತಮ್ಮನು ಈ ಚೀಟಿಯನ್ನು ಬರೆದದ್ದು ತನ್ನ ಆರೋಗ್ಯದ ದಿನಗಳಲ್ಲಿ; ಕೇವಲ ನಮ್ಮ ಸಂಸ್ಕೃತದ ಚಾಪಲ್ಯವನ್ನು ತಣಿಸುವುದಕ್ಕಾಗಿಯೇ ಇದನ್ನು ಸೇರಿಸಿದ್ದನೆಂದು ನಂಬಿದ್ದೇವೆ.

ಅದೇ ಶಾಸನವು ಪಶ್ಚಿಮಕ್ಕೆ ಒಂದು ಗಂಧಕುಟಿಯನ್ನೂ ಹೇಳುತ್ತದೆ. ಅದು ಹತ್ತೊಂಬತ್ತನೆಯ ಗುಹೆಯಾದ ಚೈತ್ಯವೆನ್ನುತ್ತಾರೆ. ಬುದ್ಧನು ವಾಸಿಸುವ ಕೋಣೆಗೆ ಗಂಧದಿಂದಲೇ ಹೆಸರು ಬಂದಿತು! ಹೂವು, ಧೂಪ, ಎಣ್ಣೆಯ ದೀಪ ಇವೆಲ್ಲ ಒಂದು ಕಾಲಕ್ಕೆ ಇಲ್ಲಿ ತುಂಬಿದ್ದವು. ಇಂದು ನಮಗೆ ದೊರೆಯುವುದು ಕಣ್ಣಿಗೆ ಉಳಿದ ಪಾಲು ಮಾತ್ರ. ಪೂಜೆ ನಿಂತುಹೋದ ಗುಡಿಗೆ ಹೋಗಬಾರದೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಲ್ಲಿ ಪೂಜೆ ನಿಂತು ಎಷ್ಟೋ ಶತಮಾನಗಳಾದವು; ಆದರೂ ಚಪ್ಪಲಿಯನ್ನು ಬಿಟ್ಟು ಒಳಗೆ ಬಂದವರ ದನಿ ತಾನಾಗಿ ತಗ್ಗುವುದನ್ನು ಆ ದಿನವೆಲ್ಲ ನೋಡಿದೆವು.

ಇಪ್ಪತ್ತಾರನೆಯದು ಭಿಕ್ಷು ಬುದ್ಧಭದ್ರನು ಮಾಡಿಸಿದ ಚೈತ್ಯ. “ಬಲವಂದು ನೋಡು” ಎಂದಿತ್ತು ಚೀಟಿಯಲ್ಲಿ. ಹತ್ತನೆಯ ಗುಹೆಯ ಸ್ತೂಪವು ಬರಿಯ ಕಲ್ಲಾಗಿದ್ದರೆ, ಇಲ್ಲಿಯ ಸ್ತೂಪದ ಮುಂಭಾಗದಲ್ಲಿ ಬುದ್ಧನೇ ಕಾಲುಗಳನ್ನು ಇಳಿಬಿಟ್ಟು ಕುಳಿತಿರುವನು. ನಡುವಿನ ಐದಾರು ಶತಮಾನಗಳಲ್ಲಿ ಭಕ್ತರ ಬೇಡಿಕೆ ಎಷ್ಟು ಬದಲಾಯಿತೆಂಬುದು ಇದರಿಂದ ತಿಳಿಯುತ್ತದೆ. ಹೆಚ್ಚಿನವರು ಅವನನ್ನು ಕಂಡೊಡನೆ ನೇರವಾಗಿ ನಡುವೆ ಸಾಗುವರು. ಪ್ರದಕ್ಷಿಣೆಗೆಂದು ಎಡದ ಓಣಿಯನ್ನು ಹಿಡಿದರೆ ಒಡನೆಯೇ ಎಡಗೋಡೆಯಲ್ಲಿ ಮಹಾಪರಿನಿರ್ವಾಣವು ಎದುರಾಗುವುದು. ಸುಮಾರು ಏಳು ಮೀಟರು ಉದ್ದದ ವಿಗ್ರಹ. ಬಲಮಗ್ಗುಲಾಗಿ ಮಲಗಿ ಕಣ್ಣು ಮುಚ್ಚಿರುವನು. ತಲೆದಿಂಬು ತಲೆಯ ಭಾರಕ್ಕೆ ತಗ್ಗಿದೆ. ಕೆಳಗೆ ಶಿಷ್ಯರು ದುಃಖದಲ್ಲಿ ಕುಸಿದಿರುವರು. ಮೇಲೆ ದೇವತೆಗಳು ಸಂಭ್ರಮಿಸುತ್ತಿರುವರು. ಇಕ್ಕಟ್ಟಾದ ಓಣಿಯಲ್ಲಿ ಹಿಂದೆ ಸರಿದು ಇಡೀ ವಿಗ್ರಹವನ್ನು ಒಂದೇ ನೋಟದಲ್ಲಿ ನೋಡಲು ಎಡೆಯಿಲ್ಲ. ತಲೆಯಿಂದ ಪಾದದವರೆಗೆ ನಡೆದೇ ನೋಡಬೇಕು. ಶವದ ಬಳಿ ನಡೆಯುವಂತೆಯೇ ನಡೆಯಬೇಕು. ಎರಡು ವರ್ಷಗಳ ಹಿಂದೆ ನಾವು ಹಾಗೆ ನಡೆದದ್ದುಂಟು. ಪಾದಗಳನ್ನು ದಾಟಿ ಮುಂದೆ ಹೋದರೆ, ಅದೇ ಗೋಡೆಯಲ್ಲಿ, ಮಾರನ ಸೈನ್ಯದ ನಡುವೆ ಅಲುಗಾಡದೆ ಕುಳಿತ ತರುಣ ಗೌತಮನು ಕಾಣುವನು. ಮೊದಲು ಸಾವು, ಬಳಿಕ ಬೋಧಿ. ಪ್ರದಕ್ಷಿಣೆಯ ಕಾಲುಗಳು ಕಥೆಯನ್ನು ಹಿಂದುಮುಂದಾಗಿ ಓದುತ್ತವೆ.

ಸಿಂಹಳದಿಂದ ಬಂದ ಬಿಳಿಯುಡುಗೆಯ ಯಾತ್ರಿಕರು ಹತ್ತಾರು ಮಂದಿ ಸ್ತೂಪದ ಮುಂದೆ ಕುಳಿತು ತಗ್ಗಿದ ದನಿಯಲ್ಲಿ ತ್ರಿಶರಣವನ್ನು ಹೇಳತೊಡಗಿದರು. ಕಮಾನಿನ ಕಲ್ಲು ಒಂದೊಂದು ನುಡಿಯನ್ನೂ ಹಿಡಿದಿಟ್ಟುಕೊಂಡು, ಮುಂದಿನ ನುಡಿ ಬಂದ ಮೇಲೆ ಬಿಡುತ್ತಿತ್ತು. ನಾವು ಬೌದ್ಧರಲ್ಲ, ಆದರೂ ಅವರು ಮುಗಿಸುವವರೆಗೆ ಕಂಬಕ್ಕೆ ತಾಗದಂತೆ ನಿಂತಿದ್ದೆವು.

ಸಂಜೆಯಾಗುತ್ತ ಒಂದನೆಯ ಗುಹೆಗೆ ಮರಳಿದೆವು. ಇಲ್ಲಿಯ ಒಂದು ಚಿತ್ರವು ಇಮ್ಮಡಿ ಪುಲಕೇಶಿಯು ಪಾರಸೀಕರ ರಾಯಭಾರಿಯನ್ನು ಸ್ವಾಗತಿಸುವುದೆಂದು ನಾವೂ ಮಕ್ಕಳಿಗೆ ಹೆಮ್ಮೆಯಿಂದ ಹೇಳಿಕೊಟ್ಟವರೇ. ಚಿತ್ರವು ಅವನಿಗಿಂತ ಒಂದು ಶತಮಾನಕ್ಕೂ ಹಿಂದಿನದು, ಯಾವುದೋ ಜಾತಕಕ್ಕೆ ಸೇರಿದ್ದು ಎಂಬುದೇ ಈಗಿನ ವಿದ್ವಾಂಸರಲ್ಲಿ ಬಲವಾಗಿರುವ ಮತ. ಕನ್ನಡಿಗರು ಇದನ್ನು ಬಿಟ್ಟುಕೊಡುವುದೇ ಲೇಸು. ಪುಲಕೇಶಿಗೆ ಐಹೊಳೆಯ ಶಾಸನವೇ ಸಾಕಷ್ಟಾಯಿತು.

ಗರ್ಭಗುಡಿಯ ಬಾಗಿಲಿನ ಎರಡು ಪಕ್ಕಗಳಲ್ಲಿ ಬೋಧಿಸತ್ತ್ವರು; ಎಡಕ್ಕೆ ನೀಲ ಕಮಲವನ್ನು ಹಿಡಿದ ಪದ್ಮಪಾಣಿ. ರತ್ನಕಿರೀಟ, ಮುತ್ತಿನ ಹಾರ, ಬಳುಕಿದ ನಡು. ಒಡವೆಗಳನ್ನೆಲ್ಲ ತೊಟ್ಟಿರುವನು, ಆದರೆ ಕಣ್ಣುಗಳು ಕೆಳಗೆ ಇಳಿದಿವೆ, ನೋಡುವವನನ್ನು ನೋಡುವುದಿಲ್ಲ. ಆ ನೋಟವನ್ನು ಹಿಂಬಾಲಿಸಿದ ನಮ್ಮ ಕಣ್ಣುಗಳೂ ತಗ್ಗಿದವು. ಹಾಗೆ ತಗ್ಗಿದ ಕಣ್ಣಿನಿಂದಲೇ ಒಳಗಣ ಕತ್ತಲೆಗೆ ಹೋಗಬೇಕು. ಅಲ್ಲಿ ಬುದ್ಧನು ಧರ್ಮಚಕ್ರ ಮುದ್ರೆಯಲ್ಲಿ ಕುಳಿತಿರುವನು; ಪೀಠದಲ್ಲಿ ಚಕ್ರವೂ ಸಾರನಾಥದ ಜಿಂಕೆಗಳೂ ಇವೆ.

ಚೀಟಿಯ ಕೊನೆಯ ಮಾತು “ದೀಪ” ಎಂದಿತ್ತು. ಬೆಳಗ್ಗೆ ಕೂಗಿದ್ದ ಕಾವಲಿನವನೇ ಅಲ್ಲಿದ್ದನು. ಹುಡುಗಿಯು ಕೇಳಿದುದಕ್ಕೆ ತನ್ನ ಚಿಕ್ಕ ದೀಪವನ್ನು ತೆಗೆದು ಮೂರ್ತಿಯ ಒಂದು ಪಕ್ಕಕ್ಕೆ ಹಿಡಿದನು. ಮುಖದಲ್ಲಿ ದುಃಖವಿತ್ತು; ನಮಗೆ ಅದರಲ್ಲಿ ಸಂಶಯವಿಲ್ಲ. ದೀಪವನ್ನು ಇನ್ನೊಂದು ಪಕ್ಕಕ್ಕೆ ಒಯ್ದನು; ಅದೇ ತುಟಿಗಳಲ್ಲಿ ನಗೆ ಮೂಡಿತು. ನಡುವೆ ಕೆಳಗಿನಿಂದ ಹಿಡಿದನು. ದುಃಖವೂ ನಗೆಯೂ ಹೋಗಿ ಧ್ಯಾನವೊಂದೇ ಉಳಿಯಿತು. ಬಂದವರಿಗೆಲ್ಲ ಇದನ್ನು ತೋರಿಸಿ ಅವನಿಗೆ ಅಭ್ಯಾಸವಾಗಿದೆ. ನಮಗೆ ಮೈ ಜುಮ್ಮೆಂದಿತು. ಹಿಂದೆ ಎಣ್ಣೆಯ ದೀಪವನ್ನು ಹಿಡಿದ ಭಿಕ್ಷುವೊಬ್ಬನು ಸಂಜೆಗೆ ಹೀಗೆಯೇ ಎಡದಿಂದ ಬಲಕ್ಕೆ ನಡೆದಿರಬೇಕು. ಅವನ ಕೈ ಅಲುಗಿದಂತೆಲ್ಲ ಈ ಮುಖವೂ ಅಲುಗಿರಬೇಕು.

ಕಾವಲಿನವನು ದೀಪವನ್ನು ಆರಿಸಿದನು. ಹೊರಗೆ ಗುಹೆ ಮುಚ್ಚುವ ಹೊತ್ತಿನ ಸೀಟಿ ಕೇಳಿಸಿತು.

“ಹೊರಡೋಣವೇ ದೊಡ್ಡಪ್ಪ? ಬಸ್ಸು ತಪ್ಪೀತು” ಎಂದಳು ಹುಡುಗಿ.

“ಅವಸರ ಬೇಡ, ಮಗೂ. ಕಣ್ಣು ಬರಲಿ” ಎಂದೆವು.